ಮಗ್ಗದ ಕುಳಿಯೊಳಗೆ ನಾಲ್ಕು ಕಾಲು

ಎಡಗಾಲು ಕೆಳಗಿಳಿಯುತ್ತದೆ. ರೇಷ್ಮೆ ಎಳೆಗಳು ಬಾಯಿ ಬಿಡುತ್ತವೆ. ಲಾಳಿ ಆ ಬಾಯೊಳಗೆ ನುಗ್ಗಿ ಆಚೆ ಬದಿಗೆ ಹಾರುತ್ತದೆ. ಈಗ ಬಲಗಾಲು. ಮತ್ತೆ ಲಾಳಿ. ಕೊಳ್ಳೇಗಾಲದ ಬೀದಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಹಾಲಿನವನು ಬಂದು ಹೋಗಿದ್ದಾನೆ, ಸತ್ತೇಗಾಲದ ಬಸ್ಸು ಇನ್ನೂ ಹೋಗಿಲ್ಲ. ಕಿಟಕಿಯಿಂದ ಇಳಿದ ಬೂದು ಬೆಳಕು ಹಾಸಿದ ಎಳೆಗಳ ಮೇಲೆ ತೆಳ್ಳಗಿನ ನೀರಿನ ಹಾಗೆ ನಿಂತಿದೆ.

"ನಿದ್ದೆಯಾ?" ಬಸವಕುಮಾರ್ ಬಟ್ಟೆಯಿಂದ ಕಣ್ಣೆತ್ತದೆ ಕೇಳುತ್ತಾನೆ.

"ನೀವು ಲಾಳಿ ಹೊಡೀರಿ. ನನ್ ನಿದ್ದೆ ಕಟ್ಕಂಡು ನಿಮ್ಗೇನಾಗ್ಬೇಕು," ಅನ್ನುತ್ತಾಳೆ ಪುಷ್ಪ.

ಕೈ ಅವನದು, ಕಾಲು ಅವಳದು. ಒಂದೇ ಹಲಗೆಯ ಮೇಲೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ. ಕೆಳಗೆ ಕುಳಿಯ ತಂಪಿನಲ್ಲಿ ನಾಲ್ಕು ಕಾಲು ಇಳಿಬಿದ್ದಿವೆ. ಎರಡು ಮಗ್ಗ ತುಳಿಯುತ್ತವೆ. ಇನ್ನೆರಡನ್ನು ಮೆತ್ತನೆಯ ಬಟ್ಟೆಯಲ್ಲಿ ಜೋಡಿಸಿ, ಒಂದು ಪಕ್ಕಕ್ಕೆ ಕಟ್ಟಿ ಇಟ್ಟಿದೆ.

ಬಸವಕುಮಾರ್ ಮಾದಪ್ಪನ ಬೆಟ್ಟದಿಂದ ಬರುವಾಗ ಅಜ್ಜೀಪುರದ ಬಳಿ ಬೈಕು ಜಾರಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಅವನಿಗೆ ಏನೂ ತಿಳಿಯುವುದಿಲ್ಲ. ಮೊದಲು ತಾಯಿ ವೀರಮ್ಮ ಮಗನ ಪಕ್ಕ ಕೂತು ಮಗ್ಗ ತುಳಿದರು. ಅವರ ಮಂಡಿ ಸೋತಾಗ, ನಾಲ್ಕು ವರ್ಷದ ಹಿಂದೆ, ಯಳಂದೂರು ಕಡೆಯಿಂದ ಕೂಲಿಗೆ ಬಂದವಳು ಪುಷ್ಪ.

"ಮಗ್ಗ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ ಸಾ," ಅನ್ನುತ್ತಾಳೆ ಪುಷ್ಪ, ಇವರ ನೇಯ್ಗೆ ನೋಡಲು ಬಂದ ನನಗೆ. " ಕಬ್ಬಿನ ಗದ್ದೇಲಿ ಕಳೆ ಕೀಳ್ತಿದ್ದೋಳು. 'ಕಾಲು ತುಳುದ್ರೆ ಸಾಕು ಬಾ' ಅಂದ್ರು, ಬಂದೆ. ಮೊದಲ್ನೆ ದಿಸ ಎರಡೂ ಕಾಲೂ ಒಟ್ಗೇ ತುಳ್ದ್‌ಬುಟ್ಟೆ. 'ಲಗಾಮು ಇಡ್ಕಂಡು ಕುದ್ರೆ ಓಡುಸ್ತಿದ್ದೀಯಾ?' ಅಂದ್ರು ಇವ್ರು."

ತುಳಿಯುವುದು ಕಲಿತ ಮೇಲೆ ಮಿಕ್ಕಿದ್ದೆಲ್ಲ ತಾನಾಗಿ ಬಂತು. ಒಂದೇ ಭಂಗಿಯಲ್ಲಿ ಕೂತರೆ ಅವನ ಚರ್ಮ ಒಡೆಯುತ್ತದೆ, ಒಡೆದದ್ದು ಅವನಿಗೆ ತಿಳಿಯುವುದಿಲ್ಲ. ಹಾಗಾಗಿ ಆಗಾಗ ಲಾಳಿ ನಿಲ್ಲುತ್ತದೆ. ಪುಷ್ಪ ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿ, ಸ್ವಲ್ಪ ಸರಿಸಿ ಕೂರಿಸುತ್ತಾಳೆ. ಸ್ನಾನ ಮಾಡಿಸಲು ವೀರಮ್ಮನಿಗೆ ಕೈಜೋಡಿಸುತ್ತಾಳೆ. ರಾತ್ರಿ ಅಡುಗೆಮನೆಯಲ್ಲಿ ಆ ತಾಯಿಯ ಪಕ್ಕವೇ ಮಲಗುತ್ತಾಳೆ.

ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅವನ ಪಾದ ತಾನಾಗಿ ಜಾರಿ ಅವಳ ಕಾಲುಹಲಗೆಯ ಅಡಿಗೆ ಬಂದಿತ್ತು. ಅವಳು ನೋಡಲಿಲ್ಲ. ತುಳಿದಳು, ಮತ್ತೆ ತುಳಿದಳು. ಅವನು ಏನೋ ಹಾಡು ಗುನುಗುತ್ತ ನೇಯುತ್ತಲೇ ಇದ್ದ. ಕಾಲಿಗೆ ಏನೋ ಅಂಟಿದಂತಾಗಿ ಬಗ್ಗಿ ನೋಡಿದಾಗ ಕುಳಿಯಲ್ಲಿ ರಕ್ತ. ಅವನ ಹೆಬ್ಬೆರಳು ಜಜ್ಜಿಹೋಗಿತ್ತು. ಪುಷ್ಪ ಆ ಪಾದವನ್ನು ಮಡಿಲಿಗೆ ತೆಗೆದುಕೊಂಡು ದನಿಯೆತ್ತಿ ಅತ್ತಳು.

"ನನ್ಗೇ ನೋಯ್ತಿಲ್ಲ, ನಿಂಗ್ಯಾಕೆ ನೋವು?" ಅಂತ ನಗಲು ನೋಡಿದ ಬಸವಕುಮಾರ್, ನಗಲಾರದೆ ಮುಖ ತಿರುಗಿಸಿಕೊಂಡ.

ಅದುವರೆಗೆ ಅವಳು ಅವನನ್ನು "ಅಣ್ಣ" ಎನ್ನುತ್ತಿದ್ದಳು. ಅಂದಿನಿಂದ ಆ ಮಾತು ಬಾಯಿಗೆ ಬರಲಿಲ್ಲ. ಬೇರೊಂದು ಮಾತೂ ಬರಲಿಲ್ಲ. "ಇಲ್ನೋಡಿ" ಅನ್ನುತ್ತಾಳೆ, ಕೈತಟ್ಟಿ ಕರೆಯುತ್ತಾಳೆ, ಬಾಗಿಲಲ್ಲಿ ಬಂದು ಸುಮ್ಮನೆ ನಿಲ್ಲುತ್ತಾಳೆ.

"ಕೂಸಿಗೆ ಅಣ್ಣ ಅನ್ನೋದು ಮರ್ತೋಯ್ತು," ಅನ್ನುತ್ತಾರೆ ವೀರಮ್ಮ, ಎಲೆ ಅಡಿಕೆ ಮೆಲ್ಲುತ್ತ. "ನನ್ಗೆ ಮಂಡಿ ಓಗಿರೋದೇ ಹೊರ್ತು ಕಿವಿ ಓಗಿಲ್ಲ ಕನಪ್ಪ."

ಇಂದು ಕುಳಿಯಲ್ಲಿ ಪುಷ್ಪ ತುಳಿಯುತ್ತಿರುವುದು ಕೊನೆಯ ಸೀರೆಗೆ. ನೇಕಾರರ ಸಂಘದವರು ಒಂದು ಪುಟ್ಟ ಮೋಟಾರು ಕೊಟ್ಟಿದ್ದಾರೆ. ಕೈಹತ್ತಿರದ ಸ್ವಿಚ್ ಒತ್ತಿದರೆ ಕಾಲು ಮಾಡುವ ಕೆಲಸ ಅದು ಮಾಡುತ್ತದೆ. ಮಧ್ಯಾಹ್ನ ಮೆಕ್ಯಾನಿಕ್ ಬರುತ್ತಾನೆ. ಹಾಕಿಸೋಣವೇ ಎಂದು ಬಸವಕುಮಾರ್ ಕೇಳಿದಾಗ ಪುಷ್ಪ ತಡಮಾಡದೆ ಹೇಳಿದ್ದಳು: "ಹಾಕ್ಸಿ. ನಿಮ್ ಮಗ್ಗ ನಿಮ್ ಕೈಗೇ ಬರ್ಲಿ." ಹೇಳಿ, ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಮೋಟಾರು ಬಂದರೆ ಈ ಮನೆಯಲ್ಲಿ ಅವಳ ಕಾಲಿಗೆ ಕೆಲಸವಿಲ್ಲ. ಕೆಲಸವಿಲ್ಲದ ಹೆಣ್ಣು ಯಾರದೋ ಮನೆಯಲ್ಲಿ ಏನೆಂದು ಉಳಿಯುವುದು?

ಅವಳು ನೀರು ತರಲು ಎದ್ದಾಗ ಬಸವಕುಮಾರ್ ನನ್ನತ್ತ ತಿರುಗಿ ದನಿ ತಗ್ಗಿಸುತ್ತಾನೆ. "ಮೋಟಾರ್ ಬೇಕು ಅಂತ ನಾನೇ ಅರ್ಜಿ ಕೊಟ್ಟೆ ಸಾ. ಅವಳಿರೋದು ನನ್ ಮ್ಯಾಲಿನ ಕನಿಕರಕ್ಕೋ, ಕೂಲಿಗೋ, ಇನ್ಯಾತಕ್ಕೋ, ನಂಗೆ ತಿಳೀಬೇಕಲ್ಲ. ಕಾಲಿಲ್ದೋನು ನಾನು, ಬಾಯ್ಬುಟ್ಟು ಕೇಳಕ್ಕೂ ಹೆದ್ರಿಕೆ."

ಸೀರೆ ಮುಗಿಯುತ್ತದೆ. ಇಬ್ಬರೂ ಸೇರಿ ಎಳೆ ಕತ್ತರಿಸುತ್ತಾರೆ. ನೀಲಿ ಸೆರಗನ್ನು ಪುಷ್ಪ ಬೆಳಕಿಗೆ ಹಿಡಿದಾಗ ಗೋಡೆ, ಗೋಡೆಯ ಮೇಲಿನ ದೇವರು, ವೀರಮ್ಮನ ಬಿಳಿಗೂದಲು ಎಲ್ಲವೂ ಒಂದು ಗಳಿಗೆ ನದಿಯ ಅಡಿಯಲ್ಲಿರುವಂತೆ ಕಾಣುತ್ತವೆ.

ಮೆಕ್ಯಾನಿಕ್ ಬಂದು, ಕೂಡಿಸಿ, ಚಹಾ ಕುಡಿದು ಹೋಗುತ್ತಾನೆ. ಬಸವಕುಮಾರ್ ಸ್ವಿಚ್ ಒತ್ತುತ್ತಾನೆ. ಎಳೆಗಳು ಬಾಯಿ ಬಿಡುತ್ತವೆ. ಲಾಳಿ ಓಡುತ್ತದೆ. ಪೆಟ್ಟಾದ ಮೇಲೆ ಮೊದಲ ಬಾರಿಗೆ ಆ ಹಲಗೆಯ ಮೇಲೆ ಒಬ್ಬನೇ ಕೂತು ಅವನು ಬೆರಳಗಲ ಬಟ್ಟೆ ನೇಯುತ್ತಾನೆ. ಪುಷ್ಪ ಗೋಡೆಗೊರಗಿ ನಿಂತು ನೋಡುತ್ತಾಳೆ. ಏನೂ ತುಳಿಯದಿದ್ದರೂ ಅವಳ ಪಾದಗಳು ನೆಲದ ಮೇಲೆ ಸಣ್ಣಗೆ ಎಡ, ಬಲ ಅಲುಗುತ್ತಿವೆ.

ಆಗಲೇ ಅವಳ ಅಣ್ಣ ಕುಮಾರಸ್ವಾಮಿ ಸ್ಕೂಟರ್ ನಿಲ್ಲಿಸಿ ಒಳಬರುತ್ತಾನೆ. ಮೋಟಾರಿನ ಸುದ್ದಿ ಅವನಿಗೂ ಮುಟ್ಟಿದೆ.

"ಬಟ್ಟೆ ಕಟ್ಕೊ ನಡಿಯವ್ವ. ಕೆಲ್ಸ ಮುಗೀತಲ್ಲ. ಒಳ್ಳೆ ಗಂಡು ಬಂದದೆ. ಅಂಗಡಿ ಮಡಗವ್ನೆ, ಕೈಕಾಲು ನೆಟ್ಗವೆ."

"ಕೂತ್ಕಳಪ್ಪ, ಮಜ್ಜಿಗೆ ಕುಡಿ," ಅನ್ನುತ್ತಾರೆ ವೀರಮ್ಮ.

"ಬ್ಯಾಡಿ ತಾಯಿ." ಅವನು ತಂಗಿಯ ಕಡೆಯೇ ನೋಡುತ್ತಾನೆ. "ಊರೋರು ಕೇಳ್ತಾವ್ರೆ ಕಣೆ. ಆ ಮನ್ಸ ನಿಂಗೇನಾಗ್ಬೇಕು? ಏನಂತ ಯೋಳ್ಲಿ ನಾನು?"

ಲಾಳಿ ನಿಲ್ಲುತ್ತದೆ. ಬಸವಕುಮಾರ್ ಮುಂದಿನ ಎಳೆಯನ್ನು ಬೆರಳಿಂದ ಸವರುತ್ತ, ಯಾರ ಮುಖವನ್ನೂ ನೋಡದೆ ಹೇಳುತ್ತಾನೆ: "ಓಗು ಪುಷ್ಪ. ಇಲ್ಲಿ ನಡೀತದೆ."

ಕುಮಾರಸ್ವಾಮಿ ತಂದಿದ್ದ ಎರಡನೆಯ ಹೆಲ್ಮೆಟ್ಟನ್ನು ಅವಳತ್ತ ಚಾಚುತ್ತಾನೆ. ಪುಷ್ಪ ಅದನ್ನು ಮುಟ್ಟುವುದಿಲ್ಲ. ಅಡುಗೆಮನೆಗೆ ಹೋಗಿ ತಟ್ಟೆ ತೊಳೆದು ತರುತ್ತಾಳೆ. ಅಣ್ಣನ ಮುಂದೆ ನೆಲದ ಮೇಲೆ ಇಡುತ್ತಾಳೆ.

"ನಮ್ಮನೇಲಿ ಊಟ ಮಾಡ್ಕಂಡು ಓಗಣ್ಣ," ಅನ್ನುತ್ತಾಳೆ. "ನಾ ಬರಾಕಿಲ್ಲ."