ಮುಟ್ಟದೆ ಬಿಟ್ಟ ಚುಕ್ಕೆ

ಕೂತಲ್ಲಿ ಕೂರುವ ಜಾಯಮಾನವಲ್ಲ ಅವಳದು. ಒಲೆ ಮೇಲಿನ ಪಾತ್ರೆಯ ಮುಚ್ಚಳವನ್ನು ಹತ್ತು ಸಲ ತೆಗೆದು ನೋಡುವ ಪೈಕಿ. ಅವಳು ಕೆಲಸಕ್ಕಿದ್ದ ಲ್ಯಾಬಿನವರು 'ಚಡಪಡಿಕೆ ಅಕ್ಕ' ಅಂತಲೇ ಹೆಸರಿಟ್ಟಿದ್ದರು. ಹೆತ್ತ ಮಗಳೇ ಇವಳ ಚಡಪಡಿಕೆಗೆ ಹೆದರಿ ತನ್ನ ಆಪರೇಷನ್ ವಿಷಯವನ್ನು, ಎಲ್ಲ ಮುಗಿಸಿಕೊಂಡು ಮನೆಗೆ ಬಂದಮೇಲೆ ಹೇಳಿದ್ದಳು. ಆ ನೋವು ಇನ್ನೂ ಆರಿರಲಿಲ್ಲ.

ಇಂಥವಳ ಪಾಲಿಗೇ ಬಂದಿತ್ತು ನೋಡಿ, ಕಾಯುವ ಕೆಲಸ! ಮೆಮ್ರಿಸ್ಟರ್ ಅಂದರೆ ನೆನಪಿಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಬಿಡಿಭಾಗ, ಸಾಸಿವೆಗಿಂತ ಸಣ್ಣ ಚುಕ್ಕೆ. ಸೂಜಿ ತಾಗಿಸಿ ಒಂದು ದಿಕ್ಕಿನಿಂದ ವೋಲ್ಟೇಜ್ ಕೊಟ್ಟರೆ ಕರೆಂಟಿಗೆ ದಾರಿ ಬಿಡುತ್ತದೆ. ತಿರುಗಿಸಿ ಕೊಟ್ಟರೆ ಮುಚ್ಚಿಕೊಳ್ಳುತ್ತದೆ. ವೋಲ್ಟೇಜ್ ತೆಗೆದಮೇಲೂ ಕೊನೆಗೆ ಹೇಗಿತ್ತೋ ಹಾಗೇ ಉಳಿಯಬೇಕು. ಅದೇ ಅದರ ನೆನಪು. ಸಂಶೋಧನೆ ನಡೆಸುವ ಮೇಡಂ ಒಂದು ಚುಕ್ಕೆಯ ದಾರಿ ಮುಚ್ಚಿ, "ಹತ್ತು ದಿನ ಹೀಗೇ ಇರುತ್ತಾ ನೋಡೋಣ. ದಿನಕ್ಕೊಂದೇ ಸಲ, ಸಣ್ಣ ವೋಲ್ಟೇಜಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಓದಮ್ಮ" ಅಂದಿದ್ದರು. ಅವರ ಮೂರು ವರ್ಷದ ದುಡಿಮೆ ಆ ಚುಕ್ಕೆಯ ಮೇಲೆ ನಿಂತಿತ್ತು.

ಆದರೆ ಮನಸ್ಸು ಕೇಳಬೇಕಲ್ಲ! ಮೊದಲ ದಿನವೇ ಐದು ಸಲ ಇಣುಕಿದಳು. ಅಂಕಿ ಒಂದು ಕಡೆ ನಿಲ್ಲುತ್ತಿಲ್ಲ ಅಂತ ವೋಲ್ಟೇಜನ್ನೂ ಚೂರು ಏರಿಸಿದಳು. ಅವಳು ಓದಿದಾಗಲೆಲ್ಲ ಮುಚ್ಚಿದ ದಾರಿ ಕೂದಲೆಳೆಯಷ್ಟು ತೆರೆದುಕೊಳ್ಳುತ್ತಿತ್ತು. ಒಂಬತ್ತನೇ ದಿನ ಕರೆಂಟು ಸಲೀಸಾಗಿ ಹರಿಯಿತು.

ಮುಚ್ಚಿಡುವ ಬುದ್ಧಿಯಂತೂ ಇರಲಿಲ್ಲ. ಸೀದಾ ಮೇಡಂ ಮುಂದೆ ಹೋಗಿ ನಿಂತಳು. "ನಾನೇ ಕೆಡಿಸಿದೆ ಮೇಡಂ. ಇಣುಕಿ ಇಣುಕಿ ಕೆಡಿಸಿದೆ. ಇನ್ನು ನನ್ನ ಕೈಗೆ ಸೂಜಿ ಕೊಡಬೇಡಿ."

"ಎಷ್ಟು ಸಲ?"

"ಅರವತ್ತೇಳು. ಏರಿಸಿದ ವೋಲ್ಟೇಜೂ ಬರೆದಿಟ್ಟಿದೀನಿ."

ಮೇಡಂ ಅವಳ ಪುಸ್ತಕವನ್ನು ಕೊನೆಯವರೆಗೂ ತಿರುವಿದರು. "ಅದೇ ದಿನ ಇನ್ನೊಂದು ಚುಕ್ಕೇನೂ ಮುಚ್ಚಿಟ್ಟಿದ್ದೆ. ನಿನಗೆ ಹೇಳಿರಲಿಲ್ಲ. ನಿನ್ನ ಕೈ ನನಗೆ ಗೊತ್ತಿಲ್ವಾ?"

ಹೋದ ಜೀವ ಬಂದಂತಾಯಿತು. ಜೊತೆಗೇ ಎದೆಯಲ್ಲಿ ಚುಳ್ ಅಂದಿತು. ಮಗಳೂ ಹೀಗೇ ಮಾಡಿದ್ದಳಲ್ಲ!

ಹತ್ತನೇ ದಿನ ಮೇಡಂ ಎದ್ದು ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟರು. "ಆ ಇನ್ನೊಂದನ್ನ ನೀನೇ ಓದು. ಒಂದೇ ಸಲ."

ಉಸಿರು ಬಿಗಿಹಿಡಿದು ಸೂಜಿ ಇಳಿಸಿದಳು. ಮೇಡಂ ಹತ್ತು ದಿನದ ಹಿಂದೆ ಬರೆದಿಟ್ಟಿದ್ದ ಅಂಕಿಯೇ! ಯಾರೂ ಮುಟ್ಟದೆ, ಯಾರೂ ಹೇಗಿದ್ದೀಯ ಅಂತ ಕೇಳದೆ, ಅದರ ಪಾಡಿಗೆ ಅದು ಚೆನ್ನಾಗಿಯೇ ಇತ್ತು. ಅವಳಿಗೆ ಕಣ್ಣು ತುಂಬಿ ಬಂತು. ಯಾವುದಕ್ಕೂ ಇನ್ನೊಂದು ಸಲ ನೋಡಿಬಿಡೋಣ ಅಂತ ಬೆರಳು ತುಡಿಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು.