ನಿಲ್ಲದ ಬಟ್ಟಲು

ಸಿಯೋಲ್‌ನ ಟರ್ಕಿ ರಾಯಭಾರಿಯ ಪಕ್ಕದ ಮನೆ ಪಿಲ್‌ಸುನ್ ಅಜ್ಜಿಯದು. ಹನ್ನೊಂದು ವರ್ಷದ ಹಿಂದೆ, ಹೊಸದಾಗಿ ಬಂದ ರಾಯಭಾರಿಗೆ ಅವಳು ಒಂದು ಬಟ್ಟಲು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಕಳಿಸಿದ್ದಳು. ಖಾಲಿ ಪಾತ್ರೆ ಹಿಂದಿರುಗಿಸುವುದೆಂದರೆ ಎರಡೂ ದೇಶದವರಿಗೆ ನಾಚಿಕೆ. ಹಾಗಾಗಿ ಬಟ್ಟಲು ಪಿಸ್ತಾ ಸಿಹಿ ತುಂಬಿಕೊಂಡು ಬಂತು, ಬೇಯಿಸಿದ ಗೆಣಸು ತುಂಬಿಕೊಂಡು ಹೋಯಿತು. ಮೂವರು ರಾಯಭಾರಿಗಳು ಬದಲಾದರೂ ಅದರ ಓಡಾಟ ನಿಲ್ಲಲಿಲ್ಲ.

“ನನ್ನ ಬಟ್ಟಲು ನಂಗೇ ದಕ್ಕಲ್ಲ ಬಿಡು!” ಎಂದು ಅಜ್ಜಿ ಸೊಸೆಯ ಮುಂದೆ ಗೊಣಗುತ್ತಿದ್ದಳು.

ಈ ಚಳಿಗಾಲ ಅಜ್ಜಿ ಮಂಡಿನೋವಿನಿಂದ ಹಾಸಿಗೆ ಹಿಡಿದಳು. ಬಟ್ಟಲು ಅವಳ ಅಡುಗೆಮನೆಯಲ್ಲೇ ಉಳಿಯಿತು. ಹತ್ತನೆಯ ದಿನ ರಾಯಭಾರಿಯೇ ಬಾಗಿಲಿಗೆ ಬಂದರು.

“ಬರೀ ಕೈಲಿ ಬಂದ್ರಾ?” ಅಜ್ಜಿ ಗದರಿದಳು.

“ಬಟ್ಟಲು ನಿಮ್ಮತ್ರಾನೇ ಇದೆಯಲ್ಲ ಅಜ್ಜಿ. ಇಷ್ಟು ದಿನ ಆದ್ರೂ ಬರ್ಲಿಲ್ವಲ್ಲ ಅಂತ ಎದೆ ಧಸಕ್ ಅಂತು, ಓಡಿ ಬಂದೆ.”