ಉಸುಕಿನೊಳಗಿನ ಕೆಂಪು ಗೆರೆಗಳು

ಆಗಿನ್ನೂ ನಮ್ಮ ಕಡೆ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತಿದ್ದರು. ಕೆರೂರಿನ ಆಚೆ ನಮ್ಮದು ಉಸುಕು ಮಣ್ಣಿನ ಹೊಲ. ಅದರ ಬದುವಿನಲ್ಲೇ ಮನೆ. ಅಪ್ಪನ ತಾಯಿ, ನಮ್ಮ ಆಯಿ, ಹಸಿ ಶೇಂಗಾ ಸುಟ್ಟು, ಊದಿ ಊದಿ ನನ್ನ ಬಾಯಿಗಿಡುತ್ತಿದ್ದಳು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ, ಮುಂಗಾರಿಗೆ ತುಸು ಮೊದಲು ತೀರಿಕೊಂಡಳು.

ಕಾಕಾ ಹೊಲದಲ್ಲಿ ಆಯಿಗೆ ಕುಣಿ ತೋಡುತ್ತಿದ್ದ. ನೀರು ಒಯ್ದ ನಾನು ಬಗ್ಗಿ ನೋಡಿದೆ. ತಿಳಿಬಣ್ಣದ ಉಸುಕಿನ ನಡುವೆ ಒಂದರ ಕೆಳಗೊಂದು ಕೆಂಪು ಗೆರೆಗಳು, ಡೊಂಕುಡೊಂಕಾಗಿ. ಮುಟ್ಟಿದರೆ ಉಸುಕು ಉದುರುತ್ತಿತ್ತು. ಗೆರೆ ಬೆರಳಿಗೆ ಅಂಟುತ್ತಿತ್ತು.

“ಕಾಕಾ, ಇವನ್ನ ಯಾರ ಎಳದಾರ?”

“ಯಾರೂ ಎಳದಿಲ್ಲವ್ವಾ. ಅದು ಜೇಡಿಮಣ್ಣು. ಭಾಳ ನುಣುಪು. ಮಳಿ ನೀರಿನ ಕೂಡ ಉಸುಕಿನಾಗ ಕೆಳಗ ಇಳೀತೈತಿ. ನೀರು ಎಲ್ಲಿ ನಿಲ್ತೈತಿ, ಅಲ್ಲೇ ಕುಂಡ್ರತೈತಿ.”

“ಮತ್ತ ಆಯಿ?”

ಕಾಕಾ ಮುಖ ಒರೆಸಿಕೊಂಡು, ಮತ್ತೆ ಸಲಿಕೆ ಹಿಡಿದ.

ಮನೆಯಲ್ಲಿ ವಿಭೂತಿಯ ವಾಸನೆ. “ಆಯಿ ಮ್ಯಾಲೆ ಶಿವನ ಹತ್ರ ಹೋದಳು,” ಎಂದಳು ಅವ್ವ. ಆಯಿಯನ್ನು ಕೆಳಗಿಳಿಸಿದ್ದನ್ನು ನಾನೇ ನೋಡಿದ್ದೆ. ಮೇಲೋ ಕೆಳಗೋ? ಜೇಡಿ ಇಳಿದರೆ ಆಯಿಯೂ ಇಳಿಯುವಳೇ? ಇಳಿದು ಎಲ್ಲಿ ಕೂರುವಳು?

ವಾರದೊಳಗೆ ದೊಡ್ಡ ಮಳೆ ಬಂತು. ಶೇಂಗಾ ಮುಚ್ಚುವ ತಾಡಪತ್ರಿ ಎಳೆದುಕೊಂಡು ಹೊಲಕ್ಕೆ ಓಡಿದೆ. ಆಯಿಯನ್ನು ಹೂತ ಮಣ್ಣಿನ ಮೇಲೆ ಹಾಸಿದೆ. ಒಂದು ಕಡೆ ಒತ್ತಿ ಹಿಡಿದರೆ ಗಾಳಿ ಇನ್ನೊಂದು ಕಡೆ ಎತ್ತುತ್ತಿತ್ತು. ಹುಡುಕುತ್ತ ಅಪ್ಪ ಬಂದ.

“ಏನ್ ಮಾಡಾಕತ್ತೀವ್ವಾ?”

“ನೀರು ಬಿದ್ರ ಆಯಿ ಇಳದ ಹೋಗ್ತಾಳ.”

ಬೈಯುತ್ತಾನೆಂದುಕೊಂಡೆ. ಅಪ್ಪ ಬಗ್ಗಿ, ಗಾಳಿಗೆ ಎದ್ದ ತುದಿಯನ್ನು ಹಿಡಿದ.

“ಆಯಿ ಎಲ್ಲಿ ಹೋದಳಪ್ಪಾ?”

“ನನಗೂ ತಿಳೀವಲ್ದವ್ವಾ,” ಎಂದ. ತಾಡಪತ್ರಿಯ ಇನ್ನೊಂದು ತುದಿಯ ಮೇಲೆ ಕುಳಿತ. ಮಳೆ ನಿಲ್ಲುವವರೆಗೆ ಇಬ್ಬರೂ ತೊಯ್ಯುತ್ತ ಕುಳಿತೆವು. ಅವನು ಅಳುತ್ತಿದ್ದನೋ, ಬರೀ ಮಳೆಯ ನೀರೋ, ಅದೂ ನನಗೆ ತಿಳಿಯಲಿಲ್ಲ.

ಈಗ ಆ ಹೊಲ ಮನೆಗಳ ಪ್ಲಾಟಾಗಿದೆ. ಅಪ್ಪನನ್ನು ಬಾಗಲಕೋಟೆಯ ರುದ್ರಭೂಮಿಯಲ್ಲಿಟ್ಟೆವು. ನಾವು ಹೋಗುವಷ್ಟರಲ್ಲಿ ಕುಣಿ ಸಿದ್ಧವಿತ್ತು. ಜೇಡಿ ಉಸುಕಿನಲ್ಲಿ ಹೇಗೆ ಇಳಿಯುತ್ತದೆ, ಗೆರೆ ಮೂಡಲು ಎಷ್ಟು ತಲೆಮಾರಿನ ಮಳೆ ಬೇಕು ಎಂಬುದನ್ನೆಲ್ಲ ಓದಿ ತಿಳಿದಿದ್ದೇನೆ. ಹೋದವರು ಎಲ್ಲಿ ಹೋದರೆಂಬುದು ಮಾತ್ರ ಇನ್ನೂ ತಿಳಿದಿಲ್ಲ. ಕೇಳಿದರೆ ಎಲ್ಲರ ಬಳಿಯೂ ಒಂದು ಉತ್ತರವಿದೆ. ತನಗೂ ತಿಳಿಯದೆಂದು ಹೇಳಿ ಜೊತೆಗೆ ಕೂರುವವನು ಈಗಿಲ್ಲ.